ವೇಗದ ಬಾಣವೇ ಒಳ್ಳೆಯ ಬಾಣವೇ? ಬಿಲ್ಲುಬೇಟೆಯ ಬಾಣದ ಹಿಂದಿರುವ ವಿಜ್ಞಾನ

ಅಮೆರಿಕದ ಕಾಡುಗಳಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಯಾಡುವ ವಿಡಿಯೊ ತುಣುಕುಗಳು ಈಗ ನಮ್ಮ ಫೋನುಗಳಿಗೂ ಬಂದು ಬೀಳುತ್ತವೆ. ಅವುಗಳ ಜೊತೆಗೆ ಕೆಲವು ಮಾತುಗಳೂ ಬರುತ್ತವೆ: "ಬಾಣ ಹಗುರವಾದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಹೊಡೆತ ಜೋರು." "ಈ ಬಾಣ ಎಷ್ಟು ವೇಗವೆಂದರೆ ಜಿಂಕೆಗೆ ಸದ್ದು ಕೇಳುವ ಮೊದಲೇ ತಲುಪುತ್ತದೆ." "ಮೊನೆ ದೊಡ್ಡದಿದ್ದರೆ ಎಲ್ಲಿ ತಾಗಿದರೂ ಸಾಕು."

ಕೇಳಲು ಸರಿಯೆನಿಸುವ ಈ ಮೂರು ಮಾತುಗಳಲ್ಲಿ ಎರಡು ತಪ್ಪು, ಒಂದು ಅರ್ಧ ಸತ್ಯ. ಭಾರತದಲ್ಲಿ ಬೇಟೆಗೆ ಅವಕಾಶವಿಲ್ಲ. ಆದರೆ ಅಮೆರಿಕದ ಹಲವು ರಾಜ್ಯಗಳಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಬೇಟೆಯಾಡಬಹುದು. ಜಿಂಕೆಗಳ ಸಂಖ್ಯೆ ಮಿತಿಮೀರಿದ, ಬಂದೂಕು ಹಾರಿಸಲಾಗದ ಊರಂಚಿನ ಬಡಾವಣೆಗಳಲ್ಲಿ ಸ್ಥಳೀಯ ಆಡಳಿತಗಳೇ ಬಿಲ್ಲುಬೇಟೆಗೆ ಅನುಮತಿ ಕೊಡುವುದೂ ಉಂಟು. ಅಂಥ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ಅಕ್ಕಪಕ್ಕದಲ್ಲೇ ನಡೆಯುವ ಸಂಗತಿ. ಅಲ್ಲಿ ಬಾಣದ ಆಯ್ಕೆ ತಪ್ಪಿದರೆ ಅದರ ಬೆಲೆ ತೆರುವುದು ಬೇಟೆಗಾರನಲ್ಲ, ಗಾಯಗೊಂಡು ಓಡಿಹೋಗುವ ಪ್ರಾಣಿ.

ಚುಟುಕಾಗಿ ಹೇಳುವುದಾದರೆ

ಬಾಣ ಗುಂಡಿನಂತೆ ಅಪ್ಪಳಿಸಿ ಕೊಲ್ಲುವುದಿಲ್ಲ, ಚಾಕುವಿನಂತೆ ಕತ್ತರಿಸಿ ಕೊಲ್ಲುತ್ತದೆ. ಆದ್ದರಿಂದ ಬೇಟೆಯ ಬಾಣ ಆರಿಸುವಾಗ ಮೊದಲು ನೋಡಬೇಕಾದದ್ದು ಮೊನೆಯ ಹರಿತ ಮತ್ತು ಬಾಣ ನೇರವಾಗಿ ಹಾರುವ ಗುಣ, ನಂತರ ತೂಕ. ವೇಗಕ್ಕೆ ಕೊನೆಯ ಸ್ಥಾನ.

ಗುಂಡಿಗೂ ಬಾಣಕ್ಕೂ ಇರುವ ಅಂತರ

ಜಿಂಕೆ ಬೇಟೆಗೆ ಬಳಸುವ ಸಾಮಾನ್ಯ ರೈಫಲ್ಲಿನ ಗುಂಡು ನಳಿಕೆಯಿಂದ ಹೊರಬರುವಾಗ ಸುಮಾರು 4,000 ಜೌಲ್‌ಗಳಷ್ಟು ಶಕ್ತಿ ಹೊತ್ತಿರಬಹುದು. ಇಂದಿನ ಒಳ್ಳೆಯ ಕಾಂಪೌಂಡ್ ಬಿಲ್ಲಿನಿಂದ ಹೊರಟ ಬಾಣದ ಶಕ್ತಿ 100 ಜೌಲ್ ಆಸುಪಾಸಿನಲ್ಲಿರುತ್ತದೆ, ಅಂದರೆ ಗುಂಡಿನ ನಲವತ್ತನೇ ಒಂದು ಭಾಗ. ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ ಈ ಕಾಂಪೌಂಡ್ ಬಿಲ್ಲು, ತುದಿಗಳಲ್ಲಿರುವ ರಾಟೆಗಳ ನೆರವಿನಿಂದ ಹಳೆಯ ಬಿಲ್ಲುಗಳಿಗಿಂತ ಹೆಚ್ಚು ಶಕ್ತಿಯನ್ನು ಬಾಣಕ್ಕೆ ಕೊಡುತ್ತದೆ. ಆದರೂ ಗುಂಡಿನ ಹತ್ತಿರಕ್ಕೂ ಬರುವುದಿಲ್ಲ.

ಹಾಗಿದ್ದರೂ ಬಾಣಕ್ಕೆ ದೊಡ್ಡ ಜಿಂಕೆ ಬೀಳುವುದು ಹೇಗೆ? ಎದೆಗೂಡಿನೊಳಗೆ ಹೊಕ್ಕ ಹರಿತವಾದ ಮೊನೆ ಶ್ವಾಸಕೋಶ, ಹೃದಯ, ದೊಡ್ಡ ರಕ್ತನಾಳಗಳನ್ನು ಕತ್ತರಿಸುತ್ತದೆ. ರಕ್ತ ಒಮ್ಮೆಲೇ ಸೋರಿ ರಕ್ತದೊತ್ತಡ ಕುಸಿಯುತ್ತದೆ. ಎದೆಯೊಳಗೆ ಗಾಳಿ ನುಗ್ಗಿ ಶ್ವಾಸಕೋಶ ಮುದುಡುತ್ತದೆ. ಮಿದುಳಿಗೆ ರಕ್ತ ನಿಂತೊಡನೆ, ಕೆಲವು ಸೆಕೆಂಡುಗಳಲ್ಲೇ, ಪ್ರಾಣಿ ಪ್ರಜ್ಞೆ ತಪ್ಪಿ ಬೀಳುತ್ತದೆ. ಅದೇ ಬಾಣ ಹೊಟ್ಟೆಗೋ ತೊಡೆಗೋ ತಾಗಿದರೆ ಪ್ರಾಣಿ ಗಂಟೆಗಟ್ಟಲೆ ನರಳಬಹುದು. "ಎಲ್ಲಿ ತಾಗಿದರೂ ಸಾಕು" ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಮೊನೆ ಅರ್ಧ ಇಂಚು ಅಗಲ ಹೆಚ್ಚಿದ್ದರೆ ತಪ್ಪು ಜಾಗ ಸರಿಯಾದ ಜಾಗ ಆಗುವುದಿಲ್ಲ.

ಹಗುರ ಬಾಣ, ಭಾರದ ಬಾಣ: ಲೆಕ್ಕ ಏನು ಹೇಳುತ್ತದೆ?

ಬಾಣದ ತೂಕವನ್ನು ಗ್ರೇನ್‌ಗಳಲ್ಲಿ ಹೇಳುವುದು ರೂಢಿ. ಇದು ಗ್ರಾಂ ಅಲ್ಲ. ಒಂದು ಗ್ರೇನ್ ಎಂದರೆ 0.065 ಗ್ರಾಂ, ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯ ಹೆಚ್ಚುಕಡಿಮೆ ಅರ್ಧದಷ್ಟು.

ಒಂದೇ ಬಿಲ್ಲಿನಿಂದ ಎರಡು ಬಾಣ ಬಿಟ್ಟೆವು ಎಂದುಕೊಳ್ಳಿ. ಮೊದಲನೆಯದು 350 ಗ್ರೇನ್, ಅಂದರೆ 22.7 ಗ್ರಾಂ ತೂಕದ್ದು. ಅದು ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್ ವೇಗದಲ್ಲಿ ಹೋಗುತ್ತದೆ. ಎರಡನೆಯದು 500 ಗ್ರೇನ್, ಅಂದರೆ 32.4 ಗ್ರಾಂ. ಅದರ ವೇಗ ಸೆಕೆಂಡಿಗೆ 255 ಅಡಿ, ಸುಮಾರು 78 ಮೀಟರ್.

ಶಾಲೆಯಲ್ಲಿ ಕಲಿತ ಸೂತ್ರ ಹಾಕಿ ನೋಡಿದರೆ, ಹಗುರ ಬಾಣದ ಚಲನಶಕ್ತಿ 95 ಜೌಲ್, ಭಾರದ ಬಾಣದ್ದು 98 ಜೌಲ್. ವೇಗ ಕಡಿಮೆಯಾದರೂ ಶಕ್ತಿ ಕಡಿಮೆಯಾಗಲಿಲ್ಲ, ತುಸು ಹೆಚ್ಚೇ ಆಯಿತು. ಕಾರಣ ಸರಳ: ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ ಅಷ್ಟೇ ಇರುತ್ತದೆ, ಅದರಲ್ಲಿ ಹೆಚ್ಚಿನ ಪಾಲನ್ನು ಭಾರದ ಬಾಣ ತನ್ನೊಡನೆ ಒಯ್ಯುತ್ತದೆ. ಹಗುರ ಬಾಣ ಒಯ್ಯದೆ ಬಿಟ್ಟ ಪಾಲು ಬಿಲ್ಲಿನಲ್ಲೇ ಉಳಿದು ನಡುಕವಾಗಿ, ಸದ್ದಾಗಿ ಹೊರಬರುತ್ತದೆ.

ಇನ್ನು ಆವೇಗ, ಅಂದರೆ ತೂಕ ಮತ್ತು ವೇಗದ ಗುಣಲಬ್ಧ. ಹಗುರ ಬಾಣಕ್ಕೆ 2.07, ಭಾರದ ಬಾಣಕ್ಕೆ 2.52. ಭಾರದ ಬಾಣದ ಆವೇಗ ಶೇ 20ಕ್ಕಿಂತ ಹೆಚ್ಚು. ಮೈಯೊಳಗೆ ಹೊಕ್ಕ ಮೇಲೆ ಇದು ಲೆಕ್ಕಕ್ಕೆ ಬರುತ್ತದೆ. ಅಂಗೈಯಿಂದ ನೀರಿಗೆ ಜೋರಾಗಿ ಬಡಿದರೆ ಕೈ ಚುರುಗುಟ್ಟುತ್ತದೆ, ಮೆಲ್ಲಗೆ ಇಳಿಸಿದರೆ ಸಲೀಸಾಗಿ ಇಳಿಯುತ್ತದೆ. ವೇಗ ಹೆಚ್ಚಿದಷ್ಟೂ ಎದುರಾಗುವ ತಡೆಯೂ ಹೆಚ್ಚು. ಹಗುರ, ವೇಗದ ಬಾಣ ಆ ತಡೆಗೆ ಬೇಗ ಸೋಲುತ್ತದೆ. ಭಾರದ ಬಾಣ ಮುಂದಕ್ಕೆ ಸಾಗುತ್ತದೆ. ರಭಸದಿಂದ ಬರುವ ಸೈಕಲ್ಲಿಗಿಂತ ಮೆಲ್ಲಗೆ ಉರುಳಿ ಬರುವ ಹೇರು ತುಂಬಿದ ಗಾಡಿಯನ್ನು ನಿಲ್ಲಿಸುವುದು ಕಷ್ಟವಲ್ಲವೇ?

ಬಾಣ ಆಳಕ್ಕೆ ಹೋಗುವುದು ಏಕೆ ಮುಖ್ಯ? ಎರಡೂ ಶ್ವಾಸಕೋಶಗಳನ್ನು ದಾಟಿ ಆಚೆ ಬದಿಯಿಂದ ಹೊರಬಂದರೆ ಸಾವು ಬೇಗ ಬರುತ್ತದೆ. ಪ್ರಾಣಿ ಸ್ವಲ್ಪ ದೂರ ಓಡಿದರೂ ಎರಡು ಗಾಯಗಳಿಂದ ಬಿದ್ದ ರಕ್ತದ ಜಾಡು ಹಿಡಿದು ಹುಡುಕಬಹುದು.

ಹಾಗಾದರೆ ವೇಗದಿಂದ ಲಾಭವೇ ಇಲ್ಲವೇ?

ಇದೆ, ಅದಕ್ಕೇ ಇದು ಅರ್ಧ ಸತ್ಯ. ವೇಗದ ಬಾಣ ಹಾರುವಾಗ ಕಡಿಮೆ ಬಾಗುತ್ತದೆ. ದೂರವನ್ನು ತಪ್ಪಾಗಿ ಅಂದಾಜಿಸಿದರೂ ಗುರಿ ಕಡಿಮೆ ತಪ್ಪುತ್ತದೆ. ಎಷ್ಟು ಕಡಿಮೆ? ಜಿಂಕೆ ನಿಜವಾಗಿ 33 ಮೀಟರ್ ದೂರದಲ್ಲಿದ್ದು, ಬೇಟೆಗಾರ 30 ಮೀಟರ್ ಎಂದು ತಿಳಿದು ಬಾಣ ಬಿಟ್ಟರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ ಮೇಲಿನ ಹಗುರ ಬಾಣ ಸುಮಾರು 6 ಸೆಂಟಿಮೀಟರ್ ಕೆಳಗೆ ತಾಗುತ್ತದೆ, ಭಾರದ ಬಾಣ 8 ಸೆಂಟಿಮೀಟರ್ ಕೆಳಗೆ. ವ್ಯತ್ಯಾಸ ಎರಡು ಬೆರಳಿನ ಅಗಲಕ್ಕಿಂತ ಕಡಿಮೆ. ದೂರ ಅಳೆಯುವ ಲೇಸರ್ ಉಪಕರಣ ಕೈಯಲ್ಲಿದ್ದರೆ ಈ ಲಾಭವೂ ಬಹುಪಾಲು ಕರಗಿಹೋಗುತ್ತದೆ.

ಸದ್ದಿಗಿಂತ ಮೊದಲು ಬಾಣ ತಲುಪುತ್ತದೆಯೇ?

ಇಲ್ಲ, ತಲುಪುವುದಿಲ್ಲ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 30 ಮೀಟರ್ ದೂರದ ಜಿಂಕೆಗೆ ಬಿಲ್ಲಿನ ಸದ್ದು ಮುಟ್ಟಲು 0.09 ಸೆಕೆಂಡ್ ಸಾಕು. ಹಗುರ ಬಾಣಕ್ಕೆ 0.33 ಸೆಕೆಂಡ್ ಬೇಕು, ಭಾರದ ಬಾಣಕ್ಕೆ 0.39 ಸೆಕೆಂಡ್. ಯಾವ ಬಾಣ ಬಿಟ್ಟರೂ ಜಿಂಕೆಗೆ ಕಾಲು ಸೆಕೆಂಡಿನಷ್ಟು ಸಮಯ ಸಿಗುತ್ತದೆ.

ಕಾಲು ಸೆಕೆಂಡಿನಲ್ಲಿ ಏನಾದೀತು ಎನ್ನಬೇಡಿ. ಬೆದರಿದ ಜಿಂಕೆ ನೆಗೆಯುವ ಮೊದಲು ಕಾಲು ಮಡಚಿ ಮೈಯನ್ನು ಕೆಳಕ್ಕೆ ಇಳಿಸುತ್ತದೆ. ನೆಗೆಯಲು ಬೇಕಾದ ಬಲ ಕೂಡಿಸಿಕೊಳ್ಳುವುದು ಹೀಗೆಯೇ. ಯಾವುದೇ ವಸ್ತು ಆಸರೆಯಿಲ್ಲದೆ ಬಿದ್ದರೆ 0.15 ಸೆಕೆಂಡಿನಲ್ಲಿ 11 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಶ್ವಾಸಕೋಶಕ್ಕೆ ಗುರಿಯಿಟ್ಟ ಬಾಣ ಅಷ್ಟರಲ್ಲಿ ಬೆನ್ನುಮೂಳೆಯ ಬಳಿಯ ಸ್ನಾಯುವಿಗೆ ತಾಗಬಹುದು. ಇದಕ್ಕೆ ಪರಿಹಾರ ಇನ್ನೂ ಹಗುರ ಬಾಣ ಕೊಳ್ಳುವುದರಲ್ಲಿಲ್ಲ, ಹತ್ತಿರದಿಂದ ಬಿಡುವುದರಲ್ಲಿದೆ. ಜಿಂಕೆ ಮೈ ಸಡಿಲಿಸಿ ನಿಂತಿರುವಾಗ, ಸದ್ದು ಕಡಿಮೆ ಮಾಡುವ ಬಿಲ್ಲು ಮತ್ತು ಬಾಣದ ಜೋಡಿಯಿಂದ ಬಿಡಬೇಕು. ಇಲ್ಲೂ ಭಾರದ ಬಾಣದ್ದೇ ಮೇಲುಗೈ, ಅದು ಬಿಲ್ಲನ್ನು ಹೆಚ್ಚು ಮೌನವಾಗಿಡುತ್ತದೆ.

ಬಾಣ ಬಳಕುತ್ತದೆ, ಬಳಕಲೇಬೇಕು

ಕಣ್ಣಿಗೆ ನೇರವಾಗಿ ಹೋದಂತೆ ಕಾಣುವ ಬಾಣ ವಾಸ್ತವದಲ್ಲಿ ಹಾವಿನಂತೆ ಬಳಕುತ್ತಾ ಹೊರಡುತ್ತದೆ. ಹೆದೆ ಹಿಂದಿನಿಂದ ಒಮ್ಮೆಲೇ ತಳ್ಳಿದಾಗ ಮುಂದಿನ ಮೊನೆಯ ಭಾರ ತಕ್ಷಣ ಕದಲುವುದಿಲ್ಲ, ನಡುವಿನ ಕಡ್ಡಿ ಬಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾ ಬಳಸಿ ಇದನ್ನು ಚಿತ್ರಗಳಲ್ಲೇ ತೋರಿಸಿದರು.

ಬಾಣದ ಕಡ್ಡಿ ಎಷ್ಟು ಬಾಗುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ, ಅದನ್ನು ಸ್ಪೈನ್ ಎನ್ನುತ್ತಾರೆ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಕಡ್ಡಿಯನ್ನಿಟ್ಟು, ನಟ್ಟನಡುವೆ 1.94 ಪೌಂಡ್, ಅಂದರೆ ಸುಮಾರು 880 ಗ್ರಾಂ ತೂಕ ತೂಗುಹಾಕುತ್ತಾರೆ. ಅದು 0.400 ಇಂಚು ಬಾಗಿದರೆ ಸ್ಪೈನ್ 400. 0.300 ಇಂಚು ಬಾಗಿದರೆ 300. ಸಂಖ್ಯೆ ಚಿಕ್ಕದಾದಷ್ಟೂ ಕಡ್ಡಿ ಗಡುಸು. ದೊಡ್ಡ ಸಂಖ್ಯೆ ಎಂದರೆ ಗಟ್ಟಿ ಎಂದು ತಿಳಿದು ಕೊಳ್ಳುವವರು ಇಲ್ಲೇ ಎಡವುತ್ತಾರೆ.

ಬಲವಾದ ಬಿಲ್ಲಿಗೆ ಗಡುಸು ಕಡ್ಡಿ ಬೇಕು. ಮೊನೆಯ ತೂಕ ಹೆಚ್ಚಿಸಿದರೆ ಅದೇ ಕಡ್ಡಿ ಮೆದುವಾದಂತೆ ವರ್ತಿಸುತ್ತದೆ, ಕಡ್ಡಿಯನ್ನು ಗಿಡ್ಡ ಮಾಡಿದರೆ ಗಡುಸಾದಂತೆ. ಆದ್ದರಿಂದ ಸ್ನೇಹಿತನ ಬಿಲ್ಲಿಗೆ ಚೆನ್ನಾಗಿ ಹೊಂದಿದ ಬಾಣ ನಿಮ್ಮ ಬಿಲ್ಲಿಗೆ ಹೊಂದಬೇಕೆಂದಿಲ್ಲ. ಹೊಂದದ ಬಾಣ ಓರೆಯಾಗಿ ಹಾರುತ್ತದೆ. ಓರೆಯಾಗಿ ತಾಗಿದ ಬಾಣದ ಶಕ್ತಿ ಮುಂದಕ್ಕೆ ಹೋಗುವ ಬದಲು ಕಡ್ಡಿಯನ್ನು ಬಾಗಿಸುವುದರಲ್ಲೇ ಕಳೆದುಹೋಗುತ್ತದೆ. ಗೋಡೆಗೆ ಮೊಳೆಯನ್ನು ಓರೆಯಾಗಿ ಹಿಡಿದು ಹೊಡೆದರೆ ಏನಾಗುತ್ತದೋ ಅದೇ. ತೂಕ, ವೇಗ ಎಷ್ಟೇ ಇರಲಿ, ನೇರವಾಗಿ ಹಾರದ ಬಾಣ ಬೇಟೆಗೆ ಯೋಗ್ಯವಲ್ಲ.

ನೇರ ಹಾರಾಟಕ್ಕೆ ಇನ್ನೆರಡು ಸಂಗತಿಗಳು ನೆರವಾಗುತ್ತವೆ. ಒಂದು, ತೂಕ ಮುಂಭಾಗದಲ್ಲಿರುವುದು. 75 ಸೆಂಟಿಮೀಟರ್ ಉದ್ದದ ಬಾಣವನ್ನು ಬೆರಳ ಮೇಲೆ ಸಮತೋಲನ ಮಾಡಿದಾಗ ಅದು ಹಿಂತುದಿಯಿಂದ 46.5 ಸೆಂಟಿಮೀಟರ್‌ನಲ್ಲಿ ನಿಂತರೆ, ನಟ್ಟನಡುವಿಗಿಂತ 9 ಸೆಂಟಿಮೀಟರ್ ಮುಂದಿದೆ ಎಂದರ್ಥ. ಇದು ಉದ್ದದ ಶೇ 12. ಬೇಟೆಯ ಬಾಣಕ್ಕೆ ಶೇ 10ರಿಂದ 15 ಸಾಮಾನ್ಯ. ಎರಡು, ಹಿಂದಿನ ಗರಿಗಳು. ಅಗಲವಾದ ಮೊನೆ ಗಾಳಿಯಲ್ಲಿ ತಾನೇ ಒಂದು ರೆಕ್ಕೆಯಂತೆ ವರ್ತಿಸಿ ಬಾಣವನ್ನು ಅತ್ತಿತ್ತ ಎಳೆಯುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡಲು ಸ್ವಲ್ಪ ತಿರುಚಿ ಅಂಟಿಸಿದ ಗರಿಗಳು ಬೇಕು. ಅವು ಬಾಣವನ್ನು ಬುಗುರಿಯಂತೆ ತಿರುಗಿಸಿ ಸ್ಥಿರವಾಗಿಡುತ್ತವೆ. ಒಲಿಂಪಿಕ್ಸ್‌ನಲ್ಲಿ ಕಾಣುವ ಸಣ್ಣ ಗರಿಯ ತೆಳು ಬಾಣ ಹಲಗೆಗೆ ಗುರಿಯಿಡಲು ಮಾಡಿದ್ದು, ಬೇಟೆಗಲ್ಲ.

ಹರಿತಕ್ಕೆ ಬದಲಿಲ್ಲ

ಮೊಂಡಾದ ಈಳಿಗೆ ಮಣೆಯಲ್ಲಿ ಹಣ್ಣಾದ ಟೊಮೆಟೊ ಹೆಚ್ಚಿ ನೋಡಿ. ಕತ್ತರಿಸುವ ಬದಲು ಜಜ್ಜಿಹೋಗುತ್ತದೆ. ರಕ್ತನಾಳಗಳೂ ಹಾಗೆಯೇ. ಅವು ರಬ್ಬರಿನಂತೆ ಹಿಗ್ಗುತ್ತವೆ, ಮೊಂಡು ಅಲಗು ಬಂದರೆ ಪಕ್ಕಕ್ಕೆ ಜಾರುತ್ತವೆ. ಹರಿತವಾದ ಅಲಗು ಮಾತ್ರ ಅವನ್ನು ಕತ್ತರಿಸುತ್ತದೆ. ಅದಕ್ಕೇ ಅನುಭವಿ ಬೇಟೆಗಾರರು ಮೊನೆಯನ್ನು ಹೊಸ ಬ್ಲೇಡಿನಷ್ಟು ಹರಿತವಾಗಿಡುತ್ತಾರೆ, ಮಣ್ಣಿಗೆ ತಾಗಿದ ಮೊನೆಯನ್ನು ಮತ್ತೆ ಮಸೆಯದೆ ಬಳಸುವುದಿಲ್ಲ.

ಮೊನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಲಗು ಸದಾ ತೆರೆದೇ ಇರುವ ಸ್ಥಿರ ಮೊನೆ ಒಂದು, ತಾಗಿದ ಮೇಲೆ ಅಲಗು ಬಿಚ್ಚಿಕೊಳ್ಳುವ ಮೊನೆ ಇನ್ನೊಂದು. ಬಿಚ್ಚಿಕೊಳ್ಳುವ ಮೊನೆ ಹಾರುವಾಗ ಸ್ಥಿರ, ಗಾಯವೂ ಅಗಲ. ಆದರೆ ಬಿಚ್ಚಿಕೊಳ್ಳಲು ಬಾಣದ ಶಕ್ತಿಯನ್ನೇ ಬಳಸುತ್ತದೆ, ಅಗಲ ಹೆಚ್ಚಿದಂತೆ ತಡೆಯೂ ಹೆಚ್ಚಿ ಆಳ ಕಡಿಮೆಯಾಗುತ್ತದೆ. ಕಡಿಮೆ ಬಲದ ಬಿಲ್ಲಿಗೆ ಕಿರಿದಾದ ಸ್ಥಿರ ಮೊನೆಯೇ ಸೂಕ್ತ.

ಹಗುರ ಬಾಣದಿಂದಲೇ ದೊಡ್ಡ ಪ್ರಾಣಿ ಬೇಟೆಯಾಡುವ ಜನರೂ ಇದ್ದಾರಲ್ಲ ಎಂದು ಕೇಳಬಹುದು. ಆಫ್ರಿಕಾದ ಕಲಹರಿ ಪ್ರದೇಶದ ಸಾನ್ ಜನರ ಬಾಣಗಳು ಹಗುರ, ಬಿಲ್ಲುಗಳೂ ಚಿಕ್ಕವು. ಆದರೆ ಅವರ ಬಾಣಕ್ಕೆ ಒಂದು ಜೀರುಂಡೆಯ ಮರಿಹುಳುವಿನಿಂದ ತೆಗೆದ ವಿಷ ಸವರಿರುತ್ತದೆ. ಕೊಲ್ಲುವುದು ವಿಷ, ಬಾಣ ಅದನ್ನು ಒಯ್ಯುವ ಸೂಜಿ ಮಾತ್ರ. ಪ್ರಾಣಿ ಬೀಳುವ ತನಕ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅವರು ಜಾಡು ಹಿಡಿದು ಹೋಗುತ್ತಾರೆ. ಕೊಲ್ಲುವ ಬಗೆ ಬೇರೆಯಾದರೆ ಬಾಣವೂ ಬೇರೆ.

ಅತಿ ಹಗುರವೂ ಬೇಡ, ಅತಿ ಭಾರವೂ ಬೇಡ

ಕಾಂಪೌಂಡ್ ಬಿಲ್ಲುಗಳಿಗೆ ಸಾಮಾನ್ಯವಾಗಿ ಹೇಳುವ ಕನಿಷ್ಠ ಮಿತಿ, ಹೆದೆ ಎಳೆಯುವ ಬಲದ ಪ್ರತಿ ಪೌಂಡಿಗೆ 5 ಗ್ರೇನ್. 60 ಪೌಂಡಿನ ಬಿಲ್ಲಿಗೆ 300 ಗ್ರೇನಿಗಿಂತ ಹಗುರ ಬಾಣ ಸಲ್ಲದು. ಮೀರಿದರೆ ಬಾಣವಿಲ್ಲದೆ ಹೆದೆ ಬಿಟ್ಟಂತಾಗಿ ಬಿಲ್ಲು ಸೀಳಬಹುದು, ಬಿಟ್ಟವನಿಗೂ ಪೆಟ್ಟಾಗಬಹುದು.

ಇನ್ನೊಂದು ತುದಿಯಲ್ಲಿ, ಆಫ್ರಿಕಾದಲ್ಲಿ ದೊಡ್ಡ ಪ್ರಾಣಿಗಳ ಮೇಲೆ ಬಾಣಗಳನ್ನು ಪರೀಕ್ಷಿಸಿದ ಎಡ್ ಆಶ್‌ಬಿ ಅವರ ಹೆಸರು ಹೇಳಿ, ಎಲ್ಲರಿಗೂ 650 ಗ್ರೇನ್ ಬಾಣವೇ ಬೇಕು ಎಂದು ವಾದಿಸುವವರಿದ್ದಾರೆ. ಆ ಸಂಖ್ಯೆ ಬಂದದ್ದು ಗಟ್ಟಿ ಮೂಳೆ ಒಡೆಯುವ ಪ್ರಶ್ನೆಯಿಂದ. ಅಮೆರಿಕದ ಬಿಳಿಬಾಲದ ಜಿಂಕೆಗೆ ಅಷ್ಟು ಬೇಕಿಲ್ಲ. ಬಾಣ ತಯಾರಕರ ಕೋಷ್ಟಕಗಳು ಜಿಂಕೆಗೆ ಸೂಚಿಸುವ ಶಕ್ತಿ 34ರಿಂದ 56 ಜೌಲ್. ನಮ್ಮ ಉದಾಹರಣೆಯ ಎರಡೂ ಬಾಣಗಳಲ್ಲಿ ಅದಕ್ಕಿಂತ ಹೆಚ್ಚೇ ಇದೆ. 400ರಿಂದ 500 ಗ್ರೇನ್ ಆಸುಪಾಸಿನ, ನೇರವಾಗಿ ಹಾರುವ, ಹರಿತ ಮೊನೆಯ ಬಾಣ ಸಾಕು.

ಬಾಣ ಆರಿಸುವ ಕ್ರಮ

1. ಬಿಲ್ಲಿನ ಬಲ, ಬಾಣದ ಉದ್ದ, ಮೊನೆಯ ತೂಕ ಗೊತ್ತುಮಾಡಿಕೊಂಡು ತಯಾರಕರ ಕೋಷ್ಟಕ ನೋಡಿ ಸ್ಪೈನ್ ಆರಿಸುವುದು.
2. ಪ್ರಾಣಿಗೆ ತಕ್ಕ ಒಟ್ಟು ತೂಕ ನಿರ್ಧರಿಸುವುದು.
3. ಬಿಲ್ಲಿನ ಬಲಕ್ಕೆ ಹೊಂದುವ ಮೊನೆ ಆರಿಸುವುದು.
4. ಅಭ್ಯಾಸದ ಮೊನೆಯಿಂದಷ್ಟೇ ಅಲ್ಲದೆ ಬೇಟೆಯ ಮೊನೆಯಿಂದಲೂ ಗುರಿ ಪರೀಕ್ಷಿಸುವುದು. ತೂಕ ಒಂದೇ ಇದ್ದರೂ ಎರಡೂ ಒಂದೇ ಕಡೆ ತಾಗಬೇಕೆಂದಿಲ್ಲ.
5. ಕಾರ್ಬನ್ ಬಾಣವಾದರೆ ಪ್ರತಿ ಸಲ ಬಿಡುವ ಮೊದಲು ಮೆಲ್ಲಗೆ ಬಾಗಿಸಿ, ಬಿರುಕಿನ ಸದ್ದು ಬರುತ್ತದೆಯೇ ಎಂದು ಕೇಳುವುದು. ಬಿರುಕುಬಿಟ್ಟ ಕಾರ್ಬನ್ ಕಡ್ಡಿ ಹೆದೆ ಬಿಟ್ಟ ಕ್ಷಣ ಸಿಡಿದು ಕೈಯೊಳಗೆ ಚುಚ್ಚಿಕೊಳ್ಳಬಹುದು.

ಎಲ್ಲ ಸರಿಯಿದ್ದರೂ...

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಂದು ನೌಕಾನೆಲೆಯಲ್ಲಿ ಹಲವು ವರ್ಷಗಳ ಬಿಲ್ಲುಬೇಟೆಯ ದಾಖಲೆ ಇಟ್ಟು, 2008ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಬಾಣ ತಾಗಿದ ಜಿಂಕೆಗಳಲ್ಲಿ ಶೇ 18ರಷ್ಟು ಬೇಟೆಗಾರರ ಕೈಗೆ ಸಿಗಲಿಲ್ಲ. ಆಧುನಿಕ ಬಿಲ್ಲು, ಆಧುನಿಕ ಬಾಣ ಇದ್ದೂ ಈ ಫಲಿತಾಂಶ. ಸಿಗದವೆಲ್ಲ ಸತ್ತವೆಂದಲ್ಲ, ಕೆಲವು ಚೇತರಿಸಿಕೊಂಡಿರಬಹುದು. ಆದರೆ ಗಾಯವಂತೂ ಆಗಿತ್ತು. ಮೂವತ್ತು ಸೆಕೆಂಡಿನ ವಿಡಿಯೊಗಳಲ್ಲಿ ಈ ಜಿಂಕೆಗಳು ಕಾಣಿಸಿಕೊಳ್ಳುವುದು ಅಪರೂಪ.

ಈ ಕಾರಣಕ್ಕೇ ಬ್ರಿಟನ್, ಜರ್ಮನಿಯಂಥ ದೇಶಗಳು ಬಿಲ್ಲುಬೇಟೆಗೆ ಅವಕಾಶ ಕೊಟ್ಟಿಲ್ಲ. ಡೆನ್ಮಾರ್ಕ್ ಪರೀಕ್ಷೆ ಪಾಸಾದವರಿಗಷ್ಟೇ ಕೊಡುತ್ತದೆ. ಅಮೆರಿಕದ ನ್ಯೂಯಾರ್ಕ್, ನ್ಯೂಜೆರ್ಸಿ ರಾಜ್ಯಗಳಲ್ಲಿ ಬಿಲ್ಲುಬೇಟೆಯ ಪರವಾನಗಿಗೆ ಅದಕ್ಕೆಂದೇ ಇರುವ ತರಬೇತಿ ಬೇಕು. ಬಿಲ್ಲಿನ ಕನಿಷ್ಠ ಬಲ, ಮೊನೆಯ ಕನಿಷ್ಠ ಅಗಲದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಲ್ಲಿರುವವರು ತಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ನಿಯಮ ಓದದೆ ಮೊನೆ ಕೊಳ್ಳಬಾರದು.

ಕರ್ನಾಟಕದಲ್ಲಿ ಓದುತ್ತಿರುವವರಿಗೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಬಲೆ, ಉರುಳು ಹಾಕುವುದು, ಬೇಟೆಗೆ ಯತ್ನಿಸುವುದು ಕೂಡ ಕಾನೂನಿನ ಕಣ್ಣಿನಲ್ಲಿ ಬೇಟೆಯೇ. ಬಂದೂಕು ಬಳಸದಿದ್ದರೆ ತೊಂದರೆಯಿಲ್ಲ ಎಂಬ ಮಾತು ಸುಳ್ಳು. ಬಿಲ್ಲಿಗೆ ಯಾವ ವಿನಾಯಿತಿಯೂ ಇಲ್ಲ. ಮೊದಲನೇ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ 3ರಿಂದ 7 ವರ್ಷ ಜೈಲು ಶಿಕ್ಷೆಯಿದೆ. ಕಾಡುಹಂದಿ, ಜಿಂಕೆಗಳಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಪರಿಹಾರ ಪಡೆಯುವ ದಾರಿಯಿದೆ. ಬಿಲ್ಲುಗಾರಿಕೆ ಕಲಿಯುವ ಆಸೆಯಿದ್ದರೆ ತರಬೇತಿ ಕೇಂದ್ರಗಳಲ್ಲಿ ಹಲಗೆಗೆ ಗುರಿಯಿಟ್ಟು ಕಲಿಯಬಹುದು.

ಮುಂದಿನ ಸಲ "ಅತಿ ವೇಗದ ಬಾಣ" ಎಂಬ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಬಾಣದ ತೂಕ ಹೇಳಿದ್ದಾರೆಯೇ? ಎಷ್ಟು ದೂರದಿಂದ ಬಿಟ್ಟರು? ಬಾಣ ತಾಗಿದ ಪ್ರಾಣಿ ಸಿಕ್ಕಿತೇ? ಮೂರಕ್ಕೂ ಉತ್ತರವಿಲ್ಲದ ವಿಡಿಯೊ ಬಾಣದ ಬಗ್ಗೆ ಏನನ್ನೂ ಕಲಿಸುವುದಿಲ್ಲ. ಅದನ್ನು ಮುಂದಕ್ಕೆ ಕಳಿಸಬೇಡಿ.